ಪೀಣ್ಯದ ಸ್ಕೂಟರು, ಸುರಪುರದ ಬಸ್ಸು

ಬೆಂಗಳೂರಿನ ಪೀಣ್ಯದ ಒಂದು ಅಡ್ಡರಸ್ತೆಯಲ್ಲಿ ನನ್ನ ಪರಿಚಯದವರೊಬ್ಬರ ವರ್ಕ್‌ಶಾಪ್ ಇದೆ. ಮೂರು ಲೇತ್, ಒಂದು ಮಿಲ್ಲಿಂಗ್ ಯಂತ್ರ, ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ, ಕಂಪ್ಯೂಟರ್ ನಡೆಸುವ ಒಂದು ಸಿಎನ್‌ಸಿ ಯಂತ್ರ, ಆರು ಜನ ಕೆಲಸಗಾರರು. ಶಟರ್ ಮುಂದೆ ಸದಾ ಒಂದು ಹಳೆಯ ಸ್ಕೂಟರು. ಕಾಲಿಡುವ ಜಾಗದಲ್ಲಿ ಎಣ್ಣೆ ಹಿಡಿದು ಕಪ್ಪಾದ ಗೋಣಿಚೀಲ. ಆ ವರ್ಕ್‌ಶಾಪಿನ ಅತಿ ಮುಖ್ಯ ಯಂತ್ರ ಆ ಸ್ಕೂಟರೇ ಎಂಬುದು ನನಗೆ ಅರ್ಥವಾಗಲು ಅಲ್ಲಿ ಇಡೀ ಒಂದು ದಿನ ಕೂರಬೇಕಾಯಿತು.

ಬೆಳಿಗ್ಗೆ ಲೇತ್‌ನಲ್ಲಿ ತಿರುವಿದ ನಲವತ್ತು ಶಾಫ್ಟ್‌ಗಳು ಹನ್ನೊಂದರ ಹೊತ್ತಿಗೆ ಗೋಣಿಚೀಲ ಸೇರಿದವು. ಎರಡು ರಸ್ತೆ ಆಚೆ ಉಕ್ಕನ್ನು ಕಾಯಿಸಿ ಗಟ್ಟಿ ಮಾಡಿಕೊಡುವ ಹಾರ್ಡನಿಂಗ್‌ನವರಿದ್ದಾರೆ. ಶಾಫ್ಟ್‌ಗಳನ್ನು ಅವರಿಗೆ ಒಪ್ಪಿಸಿ, ನಿನ್ನೆ ಕೊಟ್ಟಿದ್ದ ಮಾಲನ್ನು ಎತ್ತಿಕೊಂಡು ಸ್ಕೂಟರು ಗ್ರೈಂಡಿಂಗ್‌ನವರಲ್ಲಿಗೆ ಹೋಯಿತು. ಅಷ್ಟರಲ್ಲಿ ಸಿಎನ್‌ಸಿಯಲ್ಲಿ ಒಂದು ಟೂಲ್ ಮುರಿಯಿತು. ಅಂಥದ್ದೇ ಇನ್ನೊಂದು ತಿರುವಿನಾಚೆಯ ಅಂಗಡಿಯಲ್ಲಿ ಸಿಕ್ಕಿತು. ಯಂತ್ರ ನಿಂತದ್ದು ಇಪ್ಪತ್ತೈದು ನಿಮಿಷ. ಸಂಜೆ ಪ್ಲೇಟಿಂಗ್‌ನಿಂದ ಹೊಳೆಯುತ್ತಾ ಬಂದ ಹಳೆಯ ಮಾಲನ್ನು ಪ್ಯಾಕ್ ಮಾಡಿದರು. ಹಾರ್ಡನಿಂಗ್‌ನವರಾಗಲಿ, ಗ್ರೈಂಡಿಂಗ್‌ನವರಾಗಲಿ ನಮ್ಮ ಪರಿಚಯದವರ ಸಂಬಳದ ಆಳುಗಳಲ್ಲ. ಒಬ್ಬೊಬ್ಬರಿಗೂ ಹತ್ತಾರು ಗಿರಾಕಿಗಳು. ಅಷ್ಟು ಗಿರಾಕಿಗಳಿರುವುದರಿಂದ ಅವರ ಕುಲುಮೆ ಆರುವುದಿಲ್ಲ. ಕುಲುಮೆ ಆರದೆ ಇರುವುದರಿಂದ ಇವರ ನಲವತ್ತು ಶಾಫ್ಟಿಗೂ ಕೈಗೆಟುಕುವ ದರ.

ಪರಿಚಯದವರು ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನವರು. ಊರಲ್ಲಿ ಸ್ವಂತ ಜಮೀನಿದೆ. ಇಲ್ಲಿ ಶೆಡ್ಡಿನ ಬಾಡಿಗೆಗೆ ತಿಂಗಳು ತಿಂಗಳೂ ಗೊಣಗುತ್ತಾರೆ. ಊರಲ್ಲೇ ಯಾಕೆ ಹಾಕಬಾರದು ಎಂದು ನಾನು ಕೇಳಿದೆ. ಪೇಪರಿನವರೆಲ್ಲ ಕೇಳುವುದು ಇದನ್ನೇ ಎಂಬಂತೆ ನಕ್ಕರು. ಜಾಗ ಇದೆ, ಕರೆಂಟೂ ಬರುತ್ತದೆ, ಹುಡುಗರೂ ಇದ್ದಾರೆ. ಆದರೆ ನಲವತ್ತು ಶಾಫ್ಟ್ ಹಾರ್ಡನಿಂಗ್ ಮಾಡಿಸಲು ಯಾವ ಊರಿಗೆ ಹೊತ್ತುಕೊಂಡು ಹೋಗುವುದು ಎಂದರು.

ಕರ್ನಾಟಕದ ಪ್ರಾದೇಶಿಕ ಅಸಮತೋಲನದ ಬಗ್ಗೆ ಬಂದಿರುವ ವರದಿಗಳನ್ನು ಜೋಡಿಸಿಟ್ಟರೆ ಒಂದು ಗೋಡೆ ತುಂಬುತ್ತದೆ. ಆ ಗೋಡೆಯ ತಿರುಳು ಹೆಚ್ಚುಕಡಿಮೆ ಈ ಒಂದು ಪ್ರಶ್ನೆಯಲ್ಲಿದೆ.

ಉದ್ಯಮಗಳು ಏಕೆ ಒಂದೇ ಕಡೆ ಗುಂಪುಗೂಡುತ್ತವೆ ಎಂಬುದನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಇಂಗ್ಲೆಂಡಿನ ಆಲ್ಫ್ರೆಡ್ ಮಾರ್ಷಲ್ ವಿವರಿಸಿದ್ದರು. ಅವರು ಕೊಟ್ಟ ಕಾರಣಗಳು ಮೂರು. ಬಿಡಿಭಾಗ ಮತ್ತು ಸೇವೆ ಒದಗಿಸುವವರು ಹತ್ತಿರದಲ್ಲೇ ಸಿಗುತ್ತಾರೆ. ಗೋಣಿಚೀಲದ ಕಥೆ ಇದು. ಕಸುಬು ಬಲ್ಲ ಕೆಲಸಗಾರರ ದೊಡ್ಡ ಗುಂಪೇ ಅಲ್ಲಿರುತ್ತದೆ. ಕೆಲಸ ಬಿಟ್ಟವನಿಗೆ ಪಕ್ಕದ ಬೀದಿಯಲ್ಲಿ ಇನ್ನೊಂದು ಕೆಲಸ, ಕೆಲಸಗಾರನನ್ನು ಕಳೆದುಕೊಂಡ ಮಾಲೀಕನಿಗೆ ಇನ್ನೊಬ್ಬ ಕೆಲಸಗಾರ. ಮೂರನೆಯದು ಕಸುಬಿನ ಮಾತು ಒಬ್ಬರಿಂದ ಒಬ್ಬರಿಗೆ ದಾಟುವುದು. ಪೀಣ್ಯದ ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುವಾಗ ಯಾವ ಕಂಪನಿ ಯಾವ ಹೊಸ ಯಂತ್ರ ತರಿಸಿತು, ಯಾರಿಗೆ ದೊಡ್ಡ ಆರ್ಡರ್ ಸಿಕ್ಕಿತು ಎಂಬುದೆಲ್ಲ ತಾನಾಗಿ ಕಿವಿಗೆ ಬೀಳುತ್ತದೆ. ಬೆಳ್ಳಂದೂರಿನ ಸಾಫ್ಟ್‌ವೇರ್ ಕಚೇರಿಗಳಿಗೂ ಇದೇ ಲೆಕ್ಕ. ಅಲ್ಲಿ ಗೋಣಿಚೀಲದ ಬದಲು ಲ್ಯಾಪ್‌ಟಾಪ್ ಬ್ಯಾಗ್ ಇದೆ. ಈಗಿನ ಕಾಲಕ್ಕೆ ನಾನು ನಾಲ್ಕನೆಯದೊಂದನ್ನು ಸೇರಿಸುತ್ತೇನೆ. ಗಂಡ ಹೆಂಡತಿ ಇಬ್ಬರಿಗೂ ಓದಿಗೆ ತಕ್ಕ ಕೆಲಸ ಒಂದೇ ಊರಿನಲ್ಲಿ ಸಿಗಬೇಕು. ಒಬ್ಬರಿಗೆ ಮಾತ್ರ ಕೆಲಸ ಕೊಡಬಲ್ಲ ಊರನ್ನು ಓದಿದ ದಂಪತಿ ಆರಿಸಿಕೊಳ್ಳುವುದಿಲ್ಲ, ಎಷ್ಟೇ ತಂಪಾದ ಊರಾದರೂ.

ಗುಂಪಿನ ಗಾತ್ರ ಎಷ್ಟಾಗಿದೆ ನೋಡಿ. ಬೆಂಗಳೂರು ನಗರ ಜಿಲ್ಲೆಯ ವಿಸ್ತೀರ್ಣ ಸುಮಾರು 2,190 ಚದರ ಕಿಲೋಮೀಟರ್, ಎಂದರೆ ಕರ್ನಾಟಕದ ನೆಲದಲ್ಲಿ ನೂರಕ್ಕೆ ಒಂದು ಪಾಲಿನಷ್ಟು. 2011ರ ಜನಗಣತಿಯಲ್ಲಿ ಇಲ್ಲಿದ್ದವರು 96 ಲಕ್ಷ; ರಾಜ್ಯದ ಒಟ್ಟು 6.11 ಕೋಟಿಯಲ್ಲಿ ನೂರಕ್ಕೆ ಹದಿನಾರರ ಹತ್ತಿರ. ರಾಜ್ಯದಲ್ಲಿ ಹುಟ್ಟುವ ಒಟ್ಟು ಉತ್ಪನ್ನದಲ್ಲಿ ಮಾತ್ರ ಈ ಒಂದೇ ಜಿಲ್ಲೆಯ ಪಾಲು ಮೂರರಲ್ಲಿ ಒಂದಕ್ಕಿಂತ ಹೆಚ್ಚು. ಬೆಂಗಳೂರು ನಗರ ಜಿಲ್ಲೆಯ ತಲಾ ಆದಾಯ ಕಲಬುರಗಿ ಜಿಲ್ಲೆಯದಕ್ಕಿಂತ ಸುಮಾರು ಐದು ಪಟ್ಟು.

ಇದನ್ನು ಹವೆಯ ಮಹಿಮೆ ಎಂದು ಹೇಳುವವರು ಇನ್ನೂ ಇದ್ದಾರೆ. ಹವೆ ಚೆನ್ನಾಗಿರುವ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಚಿಕ್ಕಮಗಳೂರಿನಲ್ಲಿ ಯಾರೂ ವಿಮಾನ ಕಟ್ಟಲಿಲ್ಲ. ಬೆಂಗಳೂರಿಗೆ ಮೊದಲ ತಳ್ಳು ಕೊಟ್ಟದ್ದು ಸರ್ಕಾರ, ಅದೂ ಒಂದಲ್ಲ, ಬೇರೆ ಬೇರೆ ಕಾಲದ ಹಲವು ಸರ್ಕಾರಗಳು. 1809ರಲ್ಲಿ ಬ್ರಿಟಿಷರ ದಂಡು ಬಂತು, 1864ರಲ್ಲಿ ಜೋಲಾರಪೇಟೆ ಕಡೆಯಿಂದ ರೈಲು. ಮೈಸೂರು ಸಂಸ್ಥಾನ 371 ಎಕರೆ ಕೊಟ್ಟ ಕಾರಣಕ್ಕೆ 1909ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಎಂದರೆ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆ, ಇಲ್ಲಿ ನೆಲೆಯೂರಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಮೈಸೂರು ಬ್ಯಾಂಕು, 1917ರಲ್ಲಿ ಎಂಜಿನಿಯರಿಂಗ್ ಕಾಲೇಜು. 1940ರಲ್ಲಿ ಉದ್ಯಮಿ ವಾಲಚಂದ್ ಹೀರಾಚಂದ್ ವಿಮಾನ ಕಾರ್ಖಾನೆಗೆ ಜಾಗ ಹುಡುಕುತ್ತಿದ್ದಾಗ ಸಂಸ್ಥಾನ ನೆಲವನ್ನೂ ಬಂಡವಾಳವನ್ನೂ ಕೊಟ್ಟಿತು. ಅದೇ ಇಂದಿನ ಎಚ್‌ಎಎಲ್. ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರ ಸರ್ಕಾರ 1948ರಲ್ಲಿ ಟೆಲಿಫೋನ್ ಮಾಡುವ ಐಟಿಐ, 1953ರಲ್ಲಿ ಯಂತ್ರೋಪಕರಣದ ಎಚ್‌ಎಂಟಿ, 1954ರಲ್ಲಿ ರಕ್ಷಣಾ ಎಲೆಕ್ಟ್ರಾನಿಕ್ಸ್‌ನ ಬಿಇಎಲ್ ಎಂದು ಒಂದರ ಪಕ್ಕ ಒಂದನ್ನು ಇಲ್ಲೇ ತಂದಿತು. ಗಡಿಯಿಂದಲೂ ಕಡಲಿನಿಂದಲೂ ದೂರದಲ್ಲಿದ್ದ ಊರು ರಕ್ಷಣಾ ಕಾರ್ಖಾನೆಗಳಿಗೆ ಹೇಳಿ ಮಾಡಿಸಿದಂತಿತ್ತು.

ಈ ಕಾರ್ಖಾನೆಗಳು ಒಳಗೆ ಎಷ್ಟು ಮಾಡಿದವೋ ಹೊರಗೆ ಅದಕ್ಕಿಂತ ಹೆಚ್ಚು ಮಾಡಿದವು. ಟರ್ನರ್, ಫಿಟ್ಟರ್, ಡ್ರಾಫ್ಟ್ಸ್‌ಮನ್‌ಗಳ ಒಂದು ತಲೆಮಾರನ್ನೇ ತಯಾರಿಸಿದವು. ತಮ್ಮ ಚಿಲ್ಲರೆ ಕೆಲಸಗಳನ್ನು ಹೊರಗಿನವರಿಗೆ ಕೊಟ್ಟವು. ನೌಕರಿ ಬಿಟ್ಟವರು, ನಿವೃತ್ತರಾದವರು, ಅವರ ತಮ್ಮಂದಿರು, ಅಳಿಯಂದಿರು ಲೇತ್ ಹಾಕಿಕೊಂಡರು. 1970ರ ದಶಕದಲ್ಲಿ ರೂಪುಗೊಂಡ ಪೀಣ್ಯ ಕೈಗಾರಿಕಾ ಪ್ರದೇಶ ತುಂಬಿದ್ದು ಹೀಗೆ. ಅದೇ ದಶಕದಲ್ಲಿ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗಾ ಅವರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕನಸು ಕಂಡರು. 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಾಗ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಬಲ್ಲ ಎಂಜಿನಿಯರುಗಳು ಆಗಲೇ ಇದ್ದರು. ಐಟಿ ಎಂಬುದು ಖಾಲಿ ಹೊಲದಲ್ಲಿ ಎದ್ದ ಬೆಳೆಯಲ್ಲ. ಅರವತ್ತು ವರ್ಷ ಗೊಬ್ಬರ ಹಾಕಿದ ನೆಲ ಅದು, ಗೊಬ್ಬರದ ಖರ್ಚು ಬಹುಪಾಲು ಸರ್ಕಾರದ್ದು.

ಹಾಗಾದರೆ ಸರ್ಕಾರ ಎಲ್ಲಿ ದುಡ್ಡು ಸುರಿದರೂ ಊರು ಬೆಳೆಯುತ್ತದೆಯೇ? ಇದಕ್ಕೆ ಉತ್ತರವಾಗಿ ಒಮ್ಮೆ ಕೆಜಿಎಫ್ ನೋಡಿ ಬರಬೇಕು. ಬೆಂಗಳೂರಿನಿಂದ ನೂರು ಕಿಲೋಮೀಟರ್. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಸುಮಾರು 150 ಕಿಲೋಮೀಟರ್ ತಂತಿಯ ಮೇಲೆ ನೇರ ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ಆ ಕಾಲದಲ್ಲಿ ಯಾವ ಊರು ಮುಂದೆ ಬರುತ್ತದೆ ಎಂದು ಪಂದ್ಯ ಕಟ್ಟಿದ್ದರೆ ಬುದ್ಧಿವಂತರು ಗಣಿಯ ಮೇಲೇ ಕಟ್ಟುತ್ತಿದ್ದರು.

2001ರಲ್ಲಿ ಗಣಿ ಮುಚ್ಚಿತು. ಇಂದು ಮಾರಿಕುಪ್ಪಂ ಕಡೆಯಿಂದ ಬೆಂಗಳೂರಿಗೆ ಬರುವ ಬೆಳಗಿನ ರೈಲು ಗಣಿ ಕೆಲಸಗಾರರ ಮಕ್ಕಳಿಂದ, ಮೊಮ್ಮಕ್ಕಳಿಂದ ತುಂಬಿರುತ್ತದೆ. ಕತ್ತಲಿರುವಾಗಲೇ ಬುತ್ತಿ ಕಟ್ಟಿಕೊಂಡು ಹೊರಟು, ನಗರದಲ್ಲಿ ದುಡಿದು, ರಾತ್ರಿ ಮನೆ ಸೇರುತ್ತಾರೆ. ಹಣಕ್ಕೂ ಯಂತ್ರಕ್ಕೂ ಅಲ್ಲಿ ಕೊರತೆಯಿರಲಿಲ್ಲ. ಇದ್ದದ್ದು ಒಂದೇ ಕಸುಬು, ಒಬ್ಬನೇ ಧಣಿ. ಬೆಂಗಳೂರಿನಲ್ಲೂ ಬಿನ್ನಿ ಮಿಲ್ ಮುಚ್ಚಿತು, ಎಚ್‌ಎಂಟಿಯ ಗಡಿಯಾರ ನಿಂತಿತು. ಆ ಮನೆಗಳಿಗೆ ಪೆಟ್ಟು ಬಿತ್ತು ನಿಜ, ಆದರೆ ಊರು ಮುಳುಗಲಿಲ್ಲ. ಒಂದು ಬಾಗಿಲು ಹಾಕಿದಾಗ ತಟ್ಟಲು ಪಕ್ಕದಲ್ಲಿ ಇನ್ನಷ್ಟು ಬಾಗಿಲುಗಳಿದ್ದವು. ಒಂದು ಹಿಂದುಳಿದ ತಾಲ್ಲೂಕಿಗೆ ಒಂದು ದೊಡ್ಡ ಕಾರ್ಖಾನೆ ತಂದುಬಿಟ್ಟರೆ ಸಾಕು ಎನ್ನುವ ರಾಜಕಾರಣಿಗಳನ್ನು ಆ ಬೆಳಗಿನ ರೈಲಿನಲ್ಲಿ ಒಂದು ದಿನ ನಿಲ್ಲಿಸಿಕೊಂಡು ಬರಬೇಕು ಎಂದು ನನಗೆ ಆಗಾಗ ಅನ್ನಿಸುತ್ತದೆ. ಕೂರಲು ಜಾಗ ಹೇಗೂ ಸಿಗುವುದಿಲ್ಲ.

ಇನ್ನು ಬಸ್ಸಿನ ಕಥೆ. ಸಂಜೆ ಆರರ ಮೇಲೆ ಮೆಜೆಸ್ಟಿಕ್ಕಿಗೆ ಹೋದರೆ ಸುರಪುರ, ಶಹಾಪುರ, ದೇವದುರ್ಗ, ಲಿಂಗಸುಗೂರು ಎಂದು ಬೋರ್ಡು ಹೊತ್ತ ಬಸ್ಸುಗಳು ಕಾಣುತ್ತವೆ. ಯುಗಾದಿಯ ಮುಂಚೆ ಅವುಗಳ ಒಳಗೆ ಮೂಟೆ, ಸ್ಟೀಲ್ ಬಕೆಟ್ಟು, ಮಕ್ಕಳು, ಸುತ್ತಿಟ್ಟ ಚಾಪೆ. ಕಟ್ಟಡ ಕೆಲಸಕ್ಕೆ ಬಂದು, ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ಪಕ್ಕದಲ್ಲೇ ತಗಡಿನ ಶೆಡ್ಡಿನಲ್ಲಿ ಉಳಿದವರು ಇವರು. ಇದಕ್ಕೆ ಆ ಕಡೆಯ ಮಾತು 'ಗುಳೆ'. ತೊಗರಿ ಕೊಯ್ಲು ಮುಗಿದು ಹೊಲದಲ್ಲಿ ಕೆಲಸವಿಲ್ಲದಾಗ ಮನೆಗೆ ಬೀಗ ಹಾಕಿ, ಮುದುಕರನ್ನು ಬಿಟ್ಟು, ಕುಟುಂಬವೇ ಹೊರಡುತ್ತದೆ. ಮಗುವಿನ ಶಾಲೆ ಅಲ್ಲಿಗೆ ಅರ್ಧ ವರ್ಷ ಕಟ್ಟು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75 ದಾಟಿದಾಗ ಯಾದಗಿರಿಯದು ಶೇ 52ನ್ನು ಮುಟ್ಟಿರಲಿಲ್ಲ. ಎಲ್ಲ ಜಿಲ್ಲೆಗಳಿಗಿಂತ ಕೆಳಗೆ. ಗುಳೆ ಮತ್ತು ಆ ಸಂಖ್ಯೆಯನ್ನು ಬೇರೆ ಬೇರೆಯಾಗಿ ಓದಬಾರದು.

ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಗುನ್ನಾರ್ ಮಿರ್ಡಾಲ್ 1950ರ ದಶಕದಲ್ಲಿ ವಿವರಿಸಿದ್ದು ಇದನ್ನೇ. ಬೆಳೆಯುವ ನಗರ ಸುತ್ತಲಿನ ನೆಲದ ಮೇಲೆ ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ಒಂದು ಹಬ್ಬುವುದು: ಹಾಲು, ತರಕಾರಿಗೆ ಬೇಡಿಕೆ, ಅಂಚಿನಲ್ಲಿ ಹೊಸ ಕಾರ್ಖಾನೆ, ಊರಿಗೆ ಹೋಗುವ ಮನಿಯಾರ್ಡರು. ಇನ್ನೊಂದು ಹೀರುವುದು: ದುಡಿಯುವ ತೋಳು, ಓದಿದ ತಲೆ, ಉಳಿತಾಯದ ಹಣ ನಗರಕ್ಕೆ ಹರಿದು, ಬಿಟ್ಟುಬಂದ ಊರು ಇನ್ನಷ್ಟು ಬಡವಾಗುವುದು. ಹಬ್ಬುವುದು ದೂರ ಹೋದಷ್ಟೂ ಸೊರಗುತ್ತದೆ, ಹೀರುವುದಕ್ಕೆ ದೂರ ಲೆಕ್ಕಕ್ಕಿಲ್ಲ. ಕೋಲಾರದ ಟೊಮೆಟೊ ಕೆ.ಆರ್. ಮಾರುಕಟ್ಟೆಗೆ ಬೆಳಗಾಗುವುದರೊಳಗೆ ಬರುತ್ತದೆ. ಯಾದಗಿರಿಯಿಂದ ಬರುವುದು ಟೊಮೆಟೊ ಅಲ್ಲ, ಟೊಮೆಟೊ ಬೆಳೆಯಬಹುದಾಗಿದ್ದ ಕೈಗಳು.

ರಾಜ್ಯದ ಗಡಿ ಒಂದು ಕಡೆ ಎಳೆದರೆ ಆರ್ಥಿಕ ಸೆಳೆತ ಇನ್ನೊಂದು ಕಡೆ ಎಳೆಯುತ್ತದೆ. ಬೀದರ್‌ನಿಂದ ಹೈದರಾಬಾದಿಗೆ ಸುಮಾರು 140 ಕಿಲೋಮೀಟರ್, ಬೆಂಗಳೂರಿಗೆ ಅದರ ಐದು ಪಟ್ಟಿನಷ್ಟು. ಬೆಳಗಾವಿ, ವಿಜಯಪುರದವರಿಗೆ ಪುಣೆ ಹತ್ತಿರ. ಮಂಗಳೂರು, ಉಡುಪಿಯವರು ಬೆಂಗಳೂರನ್ನು ನೆಚ್ಚುವ ಮೊದಲೇ ಮುಂಬಯಿಯಲ್ಲಿ ಹೋಟೆಲು ಹಾಕಿದ್ದರು, ಆಮೇಲೆ ಕೊಲ್ಲಿ ದೇಶಗಳಿಗೆ ಹೋದರು. 1956ರಲ್ಲಿ ಭಾಷೆ ನಮ್ಮನ್ನು ಒಂದು ಮಾಡಿತು. ಸರಕು ಸಾಗಣೆಯ ದಾರಿಗಳು ಅಷ್ಟು ಬೇಗ ಕನ್ನಡ ಕಲಿಯಲಿಲ್ಲ. ಹೈದರಾಬಾದ್ ಸಂಸ್ಥಾನದಲ್ಲಿದ್ದ ಜಿಲ್ಲೆಗಳ ಶಾಲೆ, ರೈಲು, ನೀರಾವರಿಯ ಕೊರತೆಯೂ ಅವುಗಳ ಜೊತೆಗೇ ಬಂತು.

ಈ ಕೊರತೆಯನ್ನು ತಾಲ್ಲೂಕು ತಾಲ್ಲೂಕಾಗಿ ಅಳೆದು ಹೇಳಿದ್ದು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ. 2000ದಲ್ಲಿ ನೇಮಕವಾಗಿ 2002ರಲ್ಲಿ ವರದಿ ಕೊಟ್ಟ ಈ ಸಮಿತಿ ಕೃಷಿ, ಕೈಗಾರಿಕೆ, ರಸ್ತೆ, ಬ್ಯಾಂಕು, ಶಾಲೆ, ಆಸ್ಪತ್ರೆ ಎಂದು 35 ಸೂಚ್ಯಂಕಗಳನ್ನು ಹಿಡಿದು ಅಂದಿನ 175 ತಾಲ್ಲೂಕುಗಳನ್ನು ತೂಗಿತು. 114 ತಾಲ್ಲೂಕುಗಳು ಹಿಂದುಳಿದವು ಎಂದಾಯಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಈ 39ರಲ್ಲಿ 21 ಗುಲಬರ್ಗಾ ವಿಭಾಗದವು. ದಕ್ಷಿಣದ ತಾಲ್ಲೂಕುಗಳೂ 13 ಇದ್ದವು ಎಂಬುದನ್ನು ಉತ್ತರ–ದಕ್ಷಿಣ ಜಗಳ ಕಾಯುವವರು ಹೇಳುವುದೇ ಇಲ್ಲ. ಎಂಟು ವರ್ಷಗಳಿಗೆ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆಯನ್ನು ಸಮಿತಿ ಸೂಚಿಸಿತು.

ಆಮೇಲೆ 371(ಜೆ). 2012ರ 98ನೇ ಸಂವಿಧಾನ ತಿದ್ದುಪಡಿಯಿಂದ ಬಂದ ಈ ವಿಧಿ ಇಂದಿನ ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಕೊಟ್ಟಿತು. ಅಲ್ಲಿನ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು ಮೀಸಲಾಯಿತು. ಇದರಿಂದ ಅನುಕೂಲವಾಗಿಲ್ಲ ಎನ್ನುವುದು ಸುಳ್ಳು. ರಾಯಚೂರು, ಕೊಪ್ಪಳದ ಎಷ್ಟೋ ಮನೆಗಳಲ್ಲಿ ಮೊದಲ ವೈದ್ಯರು, ಮೊದಲ ಎಂಜಿನಿಯರುಗಳು ಈ ಸೀಟಿನಿಂದ ಬಂದವರು. ಆದರೆ ಅಲ್ಲಿ ಓದಿ ಎಂಜಿನಿಯರಾದ ಹುಡುಗಿಗೆ ಕೆಲಸ ಎಲ್ಲಿದೆ? ಅವಳೂ ಸಂಜೆಯ ಬಸ್ಸು ಹತ್ತುತ್ತಾಳೆ, ಎಸಿ ಸ್ಲೀಪರ್. ಶಾಲೆ, ಕಾಲೇಜು ಕಟ್ಟುವುದು ಅರ್ಧ ಕೆಲಸ. ಉಳಿದರ್ಧ ಆಗದಿದ್ದರೆ ಮೊದಲರ್ಧದ ಫಲವನ್ನೂ ಬೆಂಗಳೂರೇ ಉಣ್ಣುತ್ತದೆ.

ಈಗ ಲೆಕ್ಕದ ಒಂದು ತಮಾಷೆ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಪಾಲು ಹಂಚುವುದು ಹಣಕಾಸು ಆಯೋಗ. 14ನೇ ಆಯೋಗದಲ್ಲಿ ಕರ್ನಾಟಕದ ಪಾಲು ಶೇ 4.713 ಇತ್ತು, 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು. 1971ರ ಜನಗಣತಿಯನ್ನು ಪೂರ್ತಿ ಕೈಬಿಟ್ಟು 2011ರದನ್ನು ಹಿಡಿದದ್ದು ಒಂದು ಕಾರಣ. ಇನ್ನೊಂದು ಆದಾಯದ ಅಂತರ: ಶ್ರೀಮಂತ ರಾಜ್ಯಗಳ ತಲಾ ಆದಾಯಕ್ಕಿಂತ ನೀವು ಎಷ್ಟು ಕೆಳಗಿದ್ದೀರೋ ಅಷ್ಟು ಹೆಚ್ಚು ಪಾಲು. 15ನೇ ಆಯೋಗ ಇದಕ್ಕೆ ಕೊಟ್ಟ ತೂಕ ಶೇ 45. ನ್ಯಾಯವಾದದ್ದೇ, ಬಡ ರಾಜ್ಯಕ್ಕೆ ಹೆಚ್ಚು ಸಿಗಬೇಕು. ಆದರೆ ಆಯೋಗ ನೋಡುವುದು ಇಡೀ ಕರ್ನಾಟಕದ ಸರಾಸರಿಯನ್ನು. ಆ ಸರಾಸರಿಯನ್ನು ಮೇಲಕ್ಕೆತ್ತಿ ಹಿಡಿದಿರುವುದು ಒಂದು ಜಿಲ್ಲೆ. ಕೋರಮಂಗಲದ ಸಂಬಳ ಯಾದಗಿರಿಯನ್ನು ಕಾಗದದ ಮೇಲೆ ಶ್ರೀಮಂತ ಮಾಡುತ್ತದೆ, ಆ ಕಾಗದದ ಆಧಾರದ ಮೇಲೆ ಯಾದಗಿರಿ ಇರುವ ರಾಜ್ಯದ ಪಾಲು ಇಳಿಯುತ್ತದೆ. ಕರ್ನಾಟಕಕ್ಕೆ ಅನ್ಯಾಯ ಎಂದು ನಾವು ದೆಹಲಿಯತ್ತ ಬೊಟ್ಟು ಮಾಡುವ ಮಾತನ್ನೇ ಸುರಪುರದವರು ವಿಧಾನಸೌಧದತ್ತ ತಿರುಗಿಸಿದರೆ ನಮ್ಮ ಬಳಿ ಒಳ್ಳೆಯ ಉತ್ತರವಿಲ್ಲ.

ಬೆಂಗಳೂರು ಇಷ್ಟು ತೆರಿಗೆ ಕಟ್ಟುತ್ತದೆ, ಉಳಿದವರು ಉಣ್ಣುತ್ತಾರೆ ಎಂಬ ಮಾತು ನಗರದ ಅಪಾರ್ಟ್‌ಮೆಂಟ್‌ಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಜನಪ್ರಿಯ. ಅದರಲ್ಲಿ ಅರ್ಧ ಸತ್ಯವಿದೆ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಸುರಪುರದ ಕಿರಾಣಿ ಅಂಗಡಿಯನ್ನು ತಲುಪುವಾಗ ಅದರಲ್ಲಿ ಬೆಂಗಳೂರಿನ ತೆರಿಗೆಯ ಪಾಲು ಇದ್ದೇ ಇರುತ್ತದೆ. ಆದರೆ ತೆರಿಗೆ ದಾಖಲಾಗುವ ಜಾಗ ಬೇರೆ, ಸಂಪತ್ತು ಹುಟ್ಟುವ ಜಾಗ ಬೇರೆ. ಕಂಪನಿಯ ಕೇಂದ್ರ ಕಚೇರಿ ಇಲ್ಲಿದ್ದರೆ ಎಲ್ಲಿ ದುಡಿದ ಲಾಭದ ತೆರಿಗೆಯೂ ಇಲ್ಲೇ ಕಟ್ಟಿದಂತೆ. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ಮಾಡಿದ ವಿದ್ಯುತ್ತು 1985ರಿಂದ ರಾಜ್ಯದ ಜಾಲ ಸೇರುತ್ತಿದೆ. ಹಾರುಬೂದಿ ಮಾತ್ರ ರಾಯಚೂರಿನಲ್ಲೇ ಉಳಿಯುತ್ತದೆ. ಬಳ್ಳಾರಿ ಜಿಲ್ಲೆಯ ಉತ್ಪನ್ನದ ಅಂಕಿಯಲ್ಲಿ ಅದಿರು, ಉಕ್ಕು ಎಲ್ಲ ಸೇರುತ್ತದೆ. ಆ ಅಂಕಿಯನ್ನು ಜನಸಂಖ್ಯೆಯಿಂದ ಭಾಗಿಸಿ ತಲಾ ಆದಾಯ ಎಂದು ಕರೆದರೆ ಸಂಡೂರಿನ ಕೂಲಿಯವನ ಜೇಬಿನಲ್ಲಿ ಅದು ಸಿಗುವುದಿಲ್ಲ.

ನೀರಿನ ವಿಷಯಕ್ಕೆ ಬಂದರೆ ಬೆಂಗಳೂರು ಹೀರುವುದೂ ಹಬ್ಬುವುದೂ ಒಟ್ಟಿಗೆ ಕಣ್ಣಿಗೆ ಕಾಣುತ್ತವೆ. ಒಂದು ಕಾಲಕ್ಕೆ ಅರ್ಕಾವತಿಯೇ ಸಾಕಾಗಿತ್ತು: 1894ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ. ಈಗ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಕಾವೇರಿ ನೀರನ್ನು ನೂರು ಕಿಲೋಮೀಟರ್ ದೂರ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಹಂತ ಹಂತವಾಗಿ ಪಂಪ್ ಮಾಡಿ ತರುತ್ತಾರೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಶುರುವಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಸೇರಿತು. ನೀರು ತಗ್ಗಿಗೆ ಹರಿಯುತ್ತದೆ ಎಂದು ನಾವು ಶಾಲೆಯಲ್ಲಿ ಓದಿದ್ದು ಪಂಪಿನ ವಿದ್ಯುತ್ ಬಿಲ್ಲು ನೋಡದವರು ಬರೆದ ಪಾಠ. ಬಳಸಿ ಬಿಟ್ಟ ನೀರು ಮಾತ್ರ ಪೂರ್ವಕ್ಕೆ ಹೋಗುತ್ತದೆ. ಶಾಶ್ವತ ನದಿಯಿಲ್ಲದ ಕೋಲಾರಕ್ಕೆ 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಕೊಳವೆಯಲ್ಲಿ ಹೋಗಿ ಕೆರೆಗಳನ್ನು ತುಂಬುತ್ತಿದೆ. ಕೊಳವೆಬಾವಿಗಳು ಮರುಜೀವ ಪಡೆದವು ಎಂದು ಸಂತೋಷಪಡುವ ರೈತರೂ ಇದ್ದಾರೆ, ಮೂರನೇ ಹಂತದ ಶುದ್ಧೀಕರಣವಿಲ್ಲದೆ ನಮಗೇಕೆ ಕಳಿಸುತ್ತೀರಿ ಎಂದು ಕೇಳುವವರೂ ಇದ್ದಾರೆ. ಇಬ್ಬರ ಮಾತೂ ಸರಿ.

ಸರ್ಕಾರಕ್ಕೆ ಇದೆಲ್ಲ ಗೊತ್ತಿಲ್ಲ ಎಂದಲ್ಲ. 2025ರ ಫೆಬ್ರವರಿಯಲ್ಲಿ ಬಂದ ಕೈಗಾರಿಕಾ ನೀತಿ ರಾಜ್ಯವನ್ನು ವಲಯಗಳಾಗಿ ಸೀಳಿ, ಹಿಂದುಳಿದ ಕಡೆ ಹೋದವರಿಗೆ ಹೆಚ್ಚು ಪ್ರೋತ್ಸಾಹಧನ ಕೊಡುತ್ತೇನೆ ಎನ್ನುತ್ತದೆ. ಐಟಿಗೆ 'ಬಿಯಾಂಡ್ ಬೆಂಗಳೂರು' ಎಂಬ ಕಾರ್ಯಕ್ರಮವಿದೆ. ಮೈಸೂರು, ಮಂಗಳೂರಿನಲ್ಲಿ ಅದಕ್ಕೆ ಒಂದಿಷ್ಟು ಫಲವೂ ಸಿಕ್ಕಿದೆ. ಆದರೆ ದೊಡ್ಡ ಹೂಡಿಕೆಗಳ ನಕ್ಷೆ ಹಾಕಿ ನೋಡಿ. ಐಫೋನ್ ಜೋಡಿಸುವ ಕಾರ್ಖಾನೆಗಳು ಕೋಲಾರದ ನರಸಾಪುರದಲ್ಲಿ, ದೇವನಹಳ್ಳಿಯ ಬಳಿ. ಸರ್ಕಾರದ ಹೊಸ ಜ್ಞಾನನಗರಿ ಕ್ವಿನ್ ಸಿಟಿ ದೊಡ್ಡಬಳ್ಳಾಪುರ ಮತ್ತು ದಾಬಸ್‌ಪೇಟೆಯ ನಡುವೆ. ಬೆಂಗಳೂರಿನಾಚೆ ಎಂದರೆ ವಿಮಾನ ನಿಲ್ದಾಣದಿಂದ ಒಂದೂವರೆ ಗಂಟೆ ಎಂದು ಅರ್ಥವಾಗಿಬಿಟ್ಟಿದೆ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ರೈತರು ಈ ಹಬ್ಬುವಿಕೆಗೆ ಬೇಡ ಎಂದರು. ವೈಮಾನಿಕ ಪಾರ್ಕಿಗೆಂದು ಗುರುತಿಸಿದ್ದ 13 ಹಳ್ಳಿಗಳ 1,777 ಎಕರೆಯನ್ನು ಕೈಬಿಡುತ್ತೇವೆ ಎಂದು ಮೂರು ವರ್ಷ ದಾಟಿದ ಹೋರಾಟದ ನಂತರ 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಹೇಳಬೇಕಾಯಿತು. ಕೈಗಾರಿಕೆಗೆ ಬೇಕಾದದ್ದು ಬೇಡ ಎನ್ನುವವರ ನೆಲವೇ. ಬನ್ನಿ ಎಂದು ಕರೆಯುವ ಊರಿನತ್ತ ಅದು ತಿರುಗಿಯೂ ನೋಡುವುದಿಲ್ಲ. ಯಾರ ಹಟವೂ ಅಲ್ಲ ಇದು, ಹಾರ್ಡನಿಂಗ್ ಮಾಡಿಸಲು ಎಲ್ಲಿಗೆ ಹೋಗುವುದು ಎಂಬ ಅದೇ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರವೇ ಇಲ್ಲವೇ? ಬೆಳಗಾವಿಯಲ್ಲಿ ಸಿಗುತ್ತದೆ. ಅಲ್ಲಿ ಎರಕದ ಕಾರ್ಖಾನೆಗಳು, ಹೈಡ್ರಾಲಿಕ್ ಬಿಡಿಭಾಗ ಮಾಡುವವರು ಹಿಂದಿನಿಂದ ಇದ್ದಾರೆ. ಕೊಲ್ಹಾಪುರ–ಪುಣೆ ಪಟ್ಟಿಯ ಬಾಲ ಅದು. ಆ ನೆಲದ ಮೇಲೆ ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ಎಕಸ್ ಎಂಬ ಕಂಪನಿ ವಿಮಾನದ ಬಿಡಿಭಾಗಗಳ ವಿಶೇಷ ಆರ್ಥಿಕ ವಲಯ ಕಟ್ಟಿತು. ಅವರು ಮಾಡಿದ ಜಾಣತನವೆಂದರೆ ಲೋಹವನ್ನು ಬಡಿದು ಆಕಾರ ಕೊಡುವುದು, ಯಂತ್ರದಲ್ಲಿ ಕೊರೆಯುವುದು, ಮೇಲ್ಮೈಗೆ ಲೇಪ ಹಾಕುವುದು, ಜೋಡಿಸುವುದು ಎಲ್ಲವನ್ನೂ ಒಂದೇ ಆವರಣಕ್ಕೆ ತಂದದ್ದು. ಪೀಣ್ಯದ ಸ್ಕೂಟರು ಇಡೀ ದಿನ ಓಡುವ ದಾರಿಯನ್ನು ಕಾಂಪೌಂಡಿನ ಒಳಗೇ ಹಾಕಿಕೊಂಡರು ಎನ್ನಬಹುದು. ಮುಂದೆ ಕೊಪ್ಪಳದ ಭಾನಾಪುರದ ಆಟಿಕೆ ಕ್ಲಸ್ಟರಿಗೂ ಇದೇ ವಿಚಾರ. ಹುಬ್ಬಳ್ಳಿಯಲ್ಲಿ ಒಂದು ದೊಡ್ಡ ಐಟಿ ಆವರಣ ಎದ್ದು ವರ್ಷಗಟ್ಟಲೆ ಬಣಗುಟ್ಟಿತು. ಒಬ್ಬರೇ ಬಂದರೆ ಹೀಗೆಯೇ. ಹಾಗಾಗಿ ಪ್ರೋತ್ಸಾಹಧನವನ್ನು ಒಂದೊಂದು ಕಂಪನಿಗೆ ಚಿಲ್ಲರೆಯಾಗಿ ಹಂಚುವ ಬದಲು ಗುಂಪಿಗೇ ಕೊಡಬೇಕು, ಅತ್ಯಂತ ಹಿಂದುಳಿದ ಎಲ್ಲ 39 ತಾಲ್ಲೂಕುಗಳಿಗೂ ಚೂರುಚೂರು ಹಂಚದೆ ಕಲಬುರಗಿಯಂಥ ಎರಡು ಮೂರು ನಗರಗಳನ್ನು ಆರಿಸಿ ಅಲ್ಲಿ ತುಂಬ ಸುರಿಯಬೇಕು ಎಂಬುದು ನನ್ನ ಲೆಕ್ಕ. ರಾಜಕೀಯವಾಗಿ ಇದು ಕಷ್ಟ. ಆಯ್ಕೆಯಾಗದ ತಾಲ್ಲೂಕಿನ ಶಾಸಕರು ಸುಮ್ಮನಿರುವುದಿಲ್ಲ. ಆದರೂ ಸುರಪುರದ ಹುಡುಗ ಕಲಬುರಗಿಗೆ ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಬರಬಹುದು. ಬೆಂಗಳೂರಿಗೆ ಹೋದರೆ ಬರುವುದು ಯುಗಾದಿಗೆ.

ಅಳತೆಪಟ್ಟಿಯೂ ಹಳತಾಗಿದೆ. ನಂಜುಂಡಪ್ಪ ಸಮಿತಿ ತೂಗಿದ ಎಷ್ಟೋ ತಾಲ್ಲೂಕುಗಳು ಆಮೇಲೆ ಒಡೆದು ಹೊಸವಾಗಿವೆ. ಮತ್ತೊಮ್ಮೆ ಅಳೆಯಲೆಂದು ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ಅವರ ನೇತೃತ್ವದ ಸಮಿತಿಯನ್ನು ಸರ್ಕಾರ 2024ರಲ್ಲಿ ನೇಮಿಸಿತು.

ಪೀಣ್ಯದ ಪರಿಚಯದವರು ಕೊನೆಗೂ ಬೆಂಗಳೂರು ಬಿಡುವ ಯೋಚನೆಯಲ್ಲಿದ್ದಾರೆ. ಹೋಗುವುದು ಸುರಪುರಕ್ಕಲ್ಲ, ತುಮಕೂರಿನ ವಸಂತನರಸಾಪುರಕ್ಕೆ. ಅಲ್ಲಿ ಒಂದು ಶೆಡ್ಡು ನೋಡಿ ಬಂದಿದ್ದಾರೆ, ಬಾಡಿಗೆ ಒಪ್ಪಿಗೆಯಾಗಿದೆ, ಹೆಂಡತಿಗೆ ಇನ್ನೂ ಒಪ್ಪಿಗೆಯಾಗಿಲ್ಲ. ಹಾರ್ಡನಿಂಗ್‌ನವರನ್ನೂ ಜೊತೆಗೆ ಕರೆದರಂತೆ. ಅವರು ಬಾಡಿಗೆ ಎಷ್ಟು ಎಂದು ಕೇಳಲಿಲ್ಲ, ಕರೆಂಟು ಹೇಗೆ ಎಂದೂ ಕೇಳಲಿಲ್ಲ. ಕುಲುಮೆಯ ಬಾಗಿಲು ಹಾಕಿ, ಕೈಗವಸು ಬಿಚ್ಚಿ, ಇನ್ನೂ ಯಾರ್‍ಯಾರು ಬರುತ್ತಾರೆ ಎಂದು ಕೇಳಿದರಂತೆ.